ಸೊಂಟದ ಹೊಲಿಗೆ ಬಿಚ್ಚಿದ ದಿನ

ನಮ್ಮ ಬೀದಿಯ ಟೈಲರ್ ಅಕ್ಕನ ಕೈಗೆ ಬಟ್ಟೆ ಕೊಟ್ಟರೆ ಆಮೇಲೆ ಕೊಂಕು ತೆಗೆಯುವ ಮಾತೇ ಇಲ್ಲ. ಹೊಲಿಗೆ ಅಷ್ಟು ಚೊಕ್ಕ. ಅದೇ ಚೊಕ್ಕ ಕೈಯಿಂದ ಅವಳು ಮೂರು ತಿಂಗಳಲ್ಲಿ ಗಂಡನ ಪ್ಯಾಂಟನ್ನು ಮೂರು ಸಲ ಬಿಗಿ ಮಾಡಿದಳು. ಗಂಡ ಬಸ್ ಡ್ರೈವರ್.

"ಪ್ಯಾಂಟು ಜಾರ್ತಿದೆ ಕಣೇ" ಅನ್ನುತ್ತಿದ್ದ.

"ಹೊಟ್ಟೆ ಇಳೀತಲ್ಲ, ಬಿಡಿ! ಮದುಮಗನ ಥರ ಆಗಿದೀರಿ" ಎಂದು ಅವಳು ನಗುತ್ತಾ ಮಿಷನ್ ತುಳಿಯುತ್ತಿದ್ದಳು.

ಅಳತೆ ಪುಸ್ತಕದಲ್ಲಿ ಸೊಂಟದಳತೆ ಮೂವತ್ತೆಂಟು ಹೊಡೆದುಹಾಕಿ ಮೂವತ್ತೇಳು, ಆಮೇಲೆ ಮೂವತ್ತಾರು, ಆಮೇಲೆ ಮೂವತ್ನಾಲ್ಕು ಎಂದು ಬರೆದವಳೂ ಅವಳೇ. ಊಟ ಯಾಕೆ ಸೇರುತ್ತಿಲ್ಲ, ಬೆನ್ನು ಯಾಕೆ ನೋಯುತ್ತಿದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಕಣ್ಣು ಹಳದಿಯಾದ ಮೇಲೆಯೇ ಆಸ್ಪತ್ರೆಗೆ ಓಡಿದ್ದು.

ಸ್ಕ್ಯಾನ್ ಆಯಿತು. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗೆಡ್ಡೆ. ಅದು ಪಕ್ಕದ ದೊಡ್ಡ ರಕ್ತನಾಳಕ್ಕೆ ತಾಗಿಕೊಂಡಿದೆ, ಇಲ್ಲಿ ಆಪರೇಷನ್ ಆಗುವುದಿಲ್ಲ ಎಂದು ಹೇಳಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಗಂಡ ಹೆಂಡತಿ ಅದನ್ನು ಬಿಡಿಸಿಯೂ ನೋಡಲಿಲ್ಲ. ಅಳತೆ ಪುಸ್ತಕದೊಳಗೆ ಸಿಕ್ಕಿಸಿ, ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕೂತರು.

ಮರುದಿನ ಬೆಳಿಗ್ಗೆ ಮಹಡಿ ಮನೆಯ ನರ್ಸಮ್ಮ ತನ್ನ ಡ್ಯೂಟಿ ಕೋಟು ಕೇಳಿಕೊಂಡು ಬಂದಳು. ಟೈಲರ್ ಅಕ್ಕನ ಕಣ್ಣು ಊದಿಕೊಂಡಿತ್ತು.

"ಸಿಸ್ಟರ್, ನಮ್ಮ ಕಥೆ ಮುಗೀತು. ಅವರು ಸೊರಗ್ತಿದ್ದಾಗ ಮೂರು ಸಲ ಟೇಪು ಹಿಡಿದೋಳು ನಾನು. ನನಗೇ ಗೊತ್ತಾಗ್ಲಿಲ್ಲ!"

"ಅಳೋದು ಆಮೇಲೆ, ಚೀಟಿ ಕೊಡಿ ಇಲ್ಲಿ" ಎಂದು ನರ್ಸಮ್ಮ ಓದಿದಳು. "ನೋಡಿ, 'ನಮ್ಮಲ್ಲಿ ಸೌಲಭ್ಯವಿಲ್ಲ, ಈ ಆಪರೇಷನ್ ಹೆಚ್ಚಾಗಿ ಮಾಡುವ ತಂಡಕ್ಕೆ ಬೇಗ ತೋರಿಸಿ' ಅಂತ ಬರೆದಿದಾರೆ. ಮುಗೀತು ಅಂತ ಎಲ್ಲಿದೆ?"

ಡ್ರೈವರ್ ಗೋಡೆ ಕಡೆ ತಿರುಗಿ ಕೂತ. "ಒಬ್ಬರು ಆಗಲ್ಲ ಅಂದ್ಮೇಲೆ ಇನ್ನೊಬ್ಬರ ಹತ್ರ ಯಾಕೆ ಅಲೀಬೇಕು? ನನ್ನ ಪಾಡಿಗೆ ಬಿಡಿ."

"ಅಣ್ಣಾ, ನಿಮ್ಮ ಬಸ್ ಕೆಟ್ಟು, ಡಿಪೋದಲ್ಲಿ ಆಗಲ್ಲ ಅಂದ್ರೆ ಏನ್ ಮಾಡ್ತೀರಿ? ಗುಜರಿಗೆ ಹಾಕ್ತೀರಾ?"

"ಯಾಕೆ ಹಾಕ್ಲಿ? ದೊಡ್ಡ ವರ್ಕ್‌ಷಾಪಿಗೆ ಕಳಿಸ್ತೀವಿ."

"ಹಾಗಾದ್ರೆ ಏಳಿ, ಚಪ್ಪಲಿ ಹಾಕ್ಕೊಳ್ಳಿ!"

ದೊಡ್ಡ ಆಸ್ಪತ್ರೆಯ ಸರ್ಜನ್ ಮೇಡಂ ಸ್ಕ್ಯಾನ್ ತೋರಿಸಿಯೇ ಮಾತಾಡಿದರು. "ಈ ನಾಳಕ್ಕೆ ತಾಗಿದ ಮಾತ್ರಕ್ಕೆ ದಾರಿ ಮುಚ್ಚಲ್ಲ. ಬೇರೆ ಕಡೆ ಹರಡಿಲ್ಲ, ಅದು ಒಳ್ಳೇದು. ಮೊದಲು ಕಾಮಾಲೆ ಇಳಿಸ್ತೀವಿ, ಆಮೇಲೆ ಕೆಲವು ತಿಂಗಳು ಗೆಡ್ಡೆ ಕುಗ್ಗಿಸೋಕೆ ಕೀಮೋ ಔಷಧಿ. ಮತ್ತೆ ಸ್ಕ್ಯಾನ್ ನೋಡಿ, ಸರಿ ಅನಿಸಿದ್ರೆ ಗೆಡ್ಡೆ ಜೊತೆ ನಾಳದ ಆ ತುಂಡನ್ನೂ ತೆಗೆದು ಎರಡೂ ತುದಿ ಸೇರಿಸಿ ಹೊಲೀತೀವಿ."

ಟೈಲರ್ ಅಕ್ಕ ತಟ್ಟನೆ ನೆಟ್ಟಗೆ ಕೂತಳು. "ತುದಿ ಸೇರದೆ ಹೋದ್ರೆ?"

"ಬೇರೆ ನಾಳದ ತುಂಡು ಮಧ್ಯೆ ಇಟ್ಟು ಹೊಲೀತೀವಿ."

"ಕೈ ಹೊಲಿಗೇನಾ, ಮಿಷನ್ನಾ?"

"ಕೈ ಹೊಲಿಗೆ. ಕೂದಲಷ್ಟು ಸಣ್ಣ ದಾರ."

"ರೀ, ಇವ್ರೂ ನಮ್ಮ ಕಸುಬಿನೋರೇ ಕಣ್ರೀ!" ಎಂದಳು. ಎಷ್ಟೋ ದಿನದ ಮೇಲೆ ಡ್ರೈವರ್ ಹಲ್ಲು ಬಿಟ್ಟು ನಕ್ಕ. ಮೇಡಂ ಮಾತ್ರ ಸತ್ಯ ಮುಚ್ಚಿಡಲಿಲ್ಲ. "ದೊಡ್ಡ ಆಪರೇಷನ್ ಇದು. ಅಪಾಯ ಇದೆ. ಎಲ್ಲರಿಗೂ ಆಗಲ್ಲ, ಪೂರ್ತಿ ವಾಸಿ ಅಂತ ಭಾಷೆ ಕೊಡಕ್ಕೂ ಆಗಲ್ಲ."

"ಪ್ರಯತ್ನಾನಾದ್ರೂ ಮಾಡಿ, ಮೇಡಂ" ಎಂದವನು ಡ್ರೈವರ್‌ನೇ.

ಕೀಮೋದಲ್ಲಿ ಅವನ ಬಾಯಿರುಚಿ ಕೆಟ್ಟಿತು, ಕೂದಲು ಉದುರಿತು, ಸಿಡಿಮಿಡಿ ಹೆಚ್ಚಿತು. ಟೈಲರ್ ಅಕ್ಕ ಎಲ್ಲವನ್ನೂ ಸಹಿಸಿದಳು. ಮತ್ತೆ ಮಾಡಿದ ಸ್ಕ್ಯಾನ್ ನೋಡಿ ಮೇಡಂ ಆಪರೇಷನ್‌ಗೆ ದಿನ ಕೊಟ್ಟರು. ಆಪರೇಷನ್ ದಿನ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಕರವಸ್ತ್ರದ ಅಂಚನ್ನು ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು, ಇದೇ ಅವಳ ಕೆಲಸ. ಕೊನೆಗೆ ಮೇಡಂ ಹೊರಗೆ ಬಂದು "ಗೆಡ್ಡೆ ಪೂರ್ತಿ ಹೊರಗೆ ಬಂತು. ಹೊಲಿಗೆ ಚೆನ್ನಾಗಿ ಕೂತಿದೆ" ಎಂದಾಗ ಅವಳು ಅವರ ಕೈ ಹಿಡಿದು ಅತ್ತೇಬಿಟ್ಟಳು.

ಮನೆಗೆ ಬಂದ ಮೇಲೂ ಅವನು ಕಡ್ಡಿಯಂತಿದ್ದ. ಊಟದ ಜೊತೆ ಜೀರ್ಣದ ಮಾತ್ರೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು, ಹೇಳಿದ ದಿನ ತಪ್ಪದೆ ತಪಾಸಣೆ. ಹೀಗೇ ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಅವನು ಆ ಬಿಗಿ ಮಾಡಿದ್ದ ಪ್ಯಾಂಟನ್ನು ಕೈಯಲ್ಲಿ ಹಿಡಿದು, ಅಂಗಡಿಯ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತ.

"ಏನೇ ಹೊಲಿದಿದೀಯ ಇದು? ಗುಂಡಿನೇ ಹಾಕಕ್ಕಾಗ್ತಿಲ್ಲ. ಉಸಿರು ಕಟ್ಟತ್ತೆ!"

ಟೈಲರ್ ಅಕ್ಕ ಕತ್ತರಿ ಕೆಳಗಿಟ್ಟು ಕೇಕೆ ಹಾಕಿದಳು. ನರ್ಸಮ್ಮ ಏನಾಯಿತೋ ಎಂದು ಮಹಡಿಯಿಂದ ಧಡಧಡ ಇಳಿದು ಬಂದಳು.

"ಒಳಗೆ ಬಟ್ಟೆ ಬಿಟ್ಟಿದೀನಿ, ಒಂದಿಂಚೂ ಕತ್ತರಿಸಿಲ್ಲ. ಕೊಡಿ ಇಲ್ಲಿ, ಹೊಲಿಗೆ ಬಿಚ್ತೀನಿ!" ಎಂದು ಅವಳು ಪ್ಯಾಂಟು ಕಸಿದುಕೊಂಡಳು. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಅವಳು ಯಾವ ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಈಗ ಯಾರೇ ಬಟ್ಟೆ ಬಿಗಿ ಮಾಡಿಸಲು ಬಂದರೂ ಅವಳದು ಒಂದೇ ಪ್ರಶ್ನೆ: "ಯಾಕೆ ಸಣ್ಣಗಾದ್ರಿ?" ಕೆಲವರು ಸಿಟ್ಟಾಗುತ್ತಾರೆ. ಅವಳು ಬಿಡುವುದಿಲ್ಲ.

ಓದುತ್ತಿರುವ ನೀವೂ ನಿಮ್ಮವರನ್ನು ಹಾಗೇ ಕೇಳಿ. ಕಾರಣವಿಲ್ಲದೆ ತೂಕ ಇಳಿದರೆ, ಕಣ್ಣು ಹಳದಿಯಾದರೆ, ಹೊಟ್ಟೆಯ ನೋವು ಬೆನ್ನಿಗೂ ಹಬ್ಬಿದರೆ, ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ಗೆಡ್ಡೆ ರಕ್ತನಾಳಕ್ಕೆ ತಾಗಿದೆ ಎಂದರೆ ಕೈಚೆಲ್ಲಿ ಕೂರಬೇಡಿ. ಇಂಥ ಆಪರೇಷನ್ ಮಾಡಿ ಪಳಗಿದ ತಂಡದ ಮಾತನ್ನೂ ಕೇಳಿ. ಮುಖ್ಯವಾಗಿ, ಡಾಕ್ಟರು ಕೊಟ್ಟ ಚೀಟಿಯನ್ನು ಬಿಡಿಸಿ ಓದಿ.