ಕತ್ತರಿಸಿದ ಮೂಲೆ

ಮಗಳು ಕೋಣೆಗೆ ಬಂದಾಗ ಚಿಕ್ಕಪ್ಪ ಅಪ್ಪನ ಮೇಜಿನ ಖಾನೆಯಲ್ಲಿ ಮೊಣಕೈವರೆಗೂ ಕೈ ತೂರಿಸಿದ್ದರು. ಸ್ವಂತ ಚಿಕ್ಕಪ್ಪನಲ್ಲ, ಅಪ್ಪನ ಜೊತೆ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು. ಅಪ್ಪ ಪಕ್ಕದ ಹಾಲ್‌ನಲ್ಲಿ ಕೊನೆಯ ನಿದ್ದೆಯಲ್ಲಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರಲು ಇನ್ನೂ ಹೊತ್ತಿತ್ತು.

"ಏನ್ ಹುಡುಕ್ತಿದೀರಾ ಚಿಕ್ಕಪ್ಪ?"

"ಏನಿಲ್ಲಮ್ಮ... ಪೆನ್ನು."

ಜೇಬಿನಲ್ಲಿ ಎರಡು ಪೆನ್ನು ಇಣುಕುತ್ತಿದ್ದವು. ಅವರ ಕೈ ತಾನಾಗಿ ಜೇಬು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಬಾಗಿಲಲ್ಲಿದ್ದ ಸೋದರತ್ತೆ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ನಾನ್ ಹೇಳ್ಲಿಲ್ವಾ? ನೀಲಿ ನೋಟ್‌ಬುಕ್ ಮೇಲೇ ಕಣ್ಣು. ಅಣ್ಣ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡು ಮಾಡಿದ ಲೆಕ್ಕ, ನಾಳೆ ಇವರ ಹೆಸರಲ್ಲಿ ಬರುತ್ತೆ."

ನೋಟ್‌ಬುಕ್ ಬೆಳಿಗ್ಗೆಯೇ ಮಗಳ ಕೈಚೀಲ ಸೇರಿತ್ತು.

*

ಅವಳು ಚಿಕ್ಕವಳಿದ್ದಾಗ ಅಪ್ಪ ರಟ್ಟಿನಲ್ಲೊಂದು ಸಮತ್ರಿಕೋನ ಕತ್ತರಿಸಿದ್ದರು. "ಕಣ್ ಮುಚ್ಕೋ. ಈಗ ನೋಡು, ತಿರುಗಿಸಿದೀನಾ?"

"ಗೊತ್ತಾಗಲ್ಲಪ್ಪ. ಹಾಗೇ ಇದೆ."

"ಅದೇ ಸಮ್ಮಿತಿ. ಪರಮಾಣುವಿನ ಒಳಗೆ ಕ್ವಾರ್ಕು ಅಂತ ಪುಟಾಣಿ ಕಣಗಳಿವೆ, ಅವುಗಳಲ್ಲೂ ಮೂರು ತಲೆಮಾರು. ಮೂರೂ ಒಂದೇ ಥರ ಇರ್ಬೇಕಿತ್ತು. ಆದ್ರೆ ತೂಕದಲ್ಲಿ ಒಂದು ಇರುವೆ, ಒಂದು ಆನೆ." ಒಂದು ಮೂಲೆಯನ್ನು ಚೂರೇ ಚೂರು ಕತ್ತರಿಸಿದರು. "ಎಲ್ಲೋ ಹೀಗೆ ಮುರಿದಿದೆ. ಹೇಗೆ ಅಂತ ಗೊತ್ತಾದ್ರೆ ಅವುಗಳ ತೂಕ, ಒಂದರಲ್ಲೊಂದು ಬೆರೆಯೋ ಲೆಕ್ಕ, ಎರಡೂ ಸಿಗುತ್ತೆ."

ಪ್ರಯೋಗದಲ್ಲಿ ಕಂಡ ಬೆರಕೆಯ ಕೋನ ಹದಿಮೂರು ಡಿಗ್ರಿ; ಅಪ್ಪನ ಲೆಕ್ಕದಲ್ಲೂ ಅಷ್ಟೇ ಬರಬೇಕಿತ್ತು. ಹನ್ನೆರಡು ವರ್ಷದ ಹಿಂದೆ ಬಂದೇಬಿಟ್ಟಿತು. ಅಪ್ಪ ಅಮ್ಮನ ಕೈಹಿಡಿದು ಅಡುಗೆಮನೆಯಲ್ಲೇ ಕುಣಿದರು. ಚಿಕ್ಕಪ್ಪ ಮಾತ್ರ ನೋಟ್‌ಬುಕ್ ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆಮೇಲೆ ಅಪ್ಪ ಅದನ್ನು ಅಚ್ಚಿಗೆ ಕಳಿಸಲೇ ಇಲ್ಲ. ಚಿಕ್ಕಪ್ಪನೇ ಕಲ್ಲು ಹಾಕಿದರೆಂದು ಮನೆಯವರೆಲ್ಲ ನಂಬಿದ್ದರು.

*

"ನೋಟ್‌ಬುಕ್ ನನ್ ಹತ್ರ ಇದೆ. ಯಾಕ್ ಬೇಕು ಹೇಳಿ."

ಚಿಕ್ಕಪ್ಪ ಖಾನೆ ಮುಚ್ಚಿ ಕುರ್ಚಿಯಲ್ಲಿ ಕೂತರು. "ನಲವತ್ತೊಂದನೇ ಪುಟ ಹರಿದು ಹಾಕೋಣ ಅಂತ ಬಂದೆ. ಮೈನಸ್ ಬರೋ ಕಡೆ ನಿಮ್ಮಪ್ಪ ಪ್ಲಸ್ ಹಾಕಿದಾನೆ. ಸರಿ ಮಾಡಿದ್ರೆ ಹದಿಮೂರು ಬರಲ್ಲ. ಅವತ್ತೇ ಕಂಡಿತ್ತು, ಅವನ ಮುಖ ನೋಡಿ ಹೇಳೋಕಾಗ್ಲಿಲ್ಲ. ನಾಳೆ ಶಿಷ್ಯರು ಓದಿದ್ರೆ ನಗ್ತಾರಮ್ಮ."

ಅವಳು ನಂಬಲಿಲ್ಲ. ಕೈಚೀಲದಿಂದ ನೋಟ್‌ಬುಕ್ ಎಳೆದು ಆ ಪುಟ ತೆಗೆದಳು. ಪ್ಲಸ್ ಸುತ್ತ ಪೆನ್ಸಿಲಿನ ವೃತ್ತವಿತ್ತು, ಪಕ್ಕದಲ್ಲಿ ಅಪ್ಪನ ಅಕ್ಷರ: 'ತಪ್ಪು. ಗೆಳೆಯ ಅಂದೇ ಕಂಡುಕೊಂಡಿದ್ದಾನೆ. ನನಗೆ ನೋವಾದೀತೆಂದು ಬಾಯಿ ಬಿಡುತ್ತಿಲ್ಲ. ನಾನೂ ಗೊತ್ತಿಲ್ಲದವನಂತೆ ಇರುತ್ತೇನೆ.' ಕೆಳಗೆ ಹನ್ನೊಂದು ವರ್ಷದ ಹಿಂದಿನ ತಾರೀಖು.

ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ನೋಟ್‌ಬುಕ್ಕನ್ನು ಅವರ ಮುಂದಿಟ್ಟಳು. ಪುಟಗಳ ನಡುವಿನಿಂದ ಆ ಹಳೆಯ ರಟ್ಟಿನ ತ್ರಿಕೋನ ಜಾರಿಬಿತ್ತು.

ಹೊರಗೆ ಗಾಡಿ ಬಂದು ನಿಂತಿತು. ಓದಿ ಮುಗಿಸಿದರೂ ಚಿಕ್ಕಪ್ಪ ಏಳಲಿಲ್ಲ. ಕಣ್ಣು ಮುಚ್ಚಿ ತ್ರಿಕೋನವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಪ್ರತಿ ಸಲವೂ ಬೆರಳು ತಡಕಾಡಿ ಕತ್ತರಿಸಿದ ಮೂಲೆಯ ಮೇಲೇ ಹೋಗಿ ನಿಲ್ಲುತ್ತಿತ್ತು.