ಬೀಜ ಆರಿಸುವವಳ ಮೊಮ್ಮಗಳು

ನಾಗನೂರಿನಲ್ಲಿ ಜೋಳದ ಬೀಜ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಸುಗ್ಗಿಗೆ ಮೊದಲೇ ಹೊಲ ತಿರುಗಿ, ತುಂಬಿದ ತೆನೆಗಳನ್ನು ಬೀಜಕ್ಕೆಂದು ಕೊಯ್ದು ತೊಲೆಗೆ ಕಟ್ಟುತ್ತಿದ್ದೆ. ಮೂಡಲಗಿಯವರೂ ಬಂದು 'ಭರಮವ್ವನ ಬೀಜ ಕೊಡ್ರಿ' ಎಂದು ಕೇಳಿ ಒಯ್ಯುತ್ತಿದ್ದರು. ನನ್ನ ಕೆಂಪು ಜೋಳದಲ್ಲಿ ಬಿಳಿ ತೆನೆ ಕಂಡರೆ ಪಕ್ಕದ ಹೊಲದ ಯಲ್ಲಾರಿಯೇ ಬೆರೆಸಿದ್ದಾನೆಂದು ಬದುವಿನ ಮೇಲೆ ನಿಂತು ಬೈಯುತ್ತಿದ್ದೆ. ಬಿತ್ತಿದ್ದೇ ಬೆಳೆಯಬೇಕಲ್ಲ!

ಆ ನಂಬಿಕೆಯಿಂದಲೇ ಒಮ್ಮೆ ಮಾಡಬಾರದ್ದನ್ನು ಮಾಡಿದೆ.

ನನ್ನ ಸೊಸೆ ಗೌರವ್ವ ಪರಕೀಯಳಲ್ಲ, ಹುಕ್ಕೇರಿ ಕಡೆಯ ದಡ್ಡಿಯಲ್ಲಿರುವ ನನ್ನ ಅಣ್ಣ ಸೋಮಪ್ಪನ ಮಗಳು. ಹೊರಗಿನ ಹೆಣ್ಣು ಬೇಡವೆಂದು ಮಗ ಪರಪ್ಪನಿಗೆ ನಾನೇ ತಂದುಕೊಂಡವಳು. ಚೊಚ್ಚಲ ಬಾಣಂತನ ತವರಿನಲ್ಲಿ ಮುಗಿಸಿ, ಐದನೆಯ ತಿಂಗಳಿಗೆ ತೊಟ್ಟಿಲು ಸಮೇತ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಅಣ್ಣನೇ ಚಕ್ಕಡಿಯಲ್ಲಿ ಕರೆತಂದಿದ್ದ. ಹೊಲದ ಕೆಲಸ ಬಿಟ್ಟು ನಾನಾಗಲಿ ಪರಪ್ಪನಾಗಲಿ ಅಲ್ಲಿಯವರೆಗೆ ಕೂಸನ್ನು ನೋಡಲು ಹೋಗಿರಲಿಲ್ಲ. ಓಣಿಯ ಹೆಂಗಸರೆಲ್ಲ ಕೂಡಿದ್ದರು. ನಾನು ಆರತಿ ಹಿಡಿದು ಬಾಗಿಲಲ್ಲಿ ನಿಂತೆ. ದೀಪದ ಬೆಳಕಿಗೆ ಕೂಸು ಕಣ್ಣು ಬಿಟ್ಟಿತು. ಬೆಕ್ಕಿನ ಕಣ್ಣು!

ನನ್ನವು, ಮಗನವು, ಅಣ್ಣನವು, ಸೊಸೆಯವು ಎಲ್ಲ ಕರಿ ಕಣ್ಣು. ಹಿಂದಿನ ವರ್ಷ ನಮ್ಮ ಹೊಲದ ಬಳಿ ಡೇರೆ ಹಾಕಿದ್ದ, ಕಾಲುವೆ ಕೆಲಸದ ಉಸ್ತುವಾರಿಯ ಓವರಸಿಯರನ ಕಣ್ಣು ಮಾತ್ರ ಹೀಗಿದ್ದವು. ಗೌರವ್ವ ಅವನಿಗೆ ಎರಡು ಸಲ ಮಜ್ಜಿಗೆ ಕೊಟ್ಟಿದ್ದಳು. ನಾನು ಆರತಿ ಕೆಳಗಿಟ್ಟೆ.

"ಹೊಸ್ತಿಲಾ ದಾಟಬ್ಯಾಡ. ಇದು ನಮ್ಮ ಬೀಜ ಅಲ್ಲ, ಓವರಸಿಯರಂದು," ಎಂದೆ, ಓಣಿಗೆಲ್ಲ ಕೇಳುವಂತೆ.

ಪರಪ್ಪ ನೆಲ ನೋಡಿದ. ಗೌರವ್ವ ಅಳಲಿಲ್ಲ. "ಅತ್ತಿ, ಇವತ್ತ ಹೊಳ್ಳಿ ಹೋದ್ನೆಂದ್ರ ಮತ್ತ ಈ ಮನಿಗೆ ಬರೂದಿಲ್ಲ ನಾ," ಎಂದಳು.

ಅಣ್ಣನ ಮುಖ ಕೆಂಪಾಗಿತ್ತು. ಆದರೂ ಕೂಗಾಡಲಿಲ್ಲ. ಅವನು ಸರಕಾರಿ ಬೀಜದ ಹೊಲದಲ್ಲಿ ಹತ್ತು ವರ್ಷ ದುಡಿದವನು.

"ಭರಮವ್ವಾ, ನಿನ್ನ ಕೆಂಪ ಜ್ವಾಳದಾಗ ಬಿಳಿ ತೆನಿ ಬೀಳತಾವಿಲ್ಲೋ?"

"ಬೀಳತಾವ. ಯಲ್ಲಾರಿ ಬೆರಸ್ತಾನ."

"ಯಲ್ಲಾರಿ ಅಲ್ಲ. ಕೆಂಪಿನ ಹೊಟ್ಯಾಗ ಬಿಳುಪು ಅಡಗಿ ಕುಂತಿರತೈತಿ. ಗಂಡು-ಹೆಣ್ಣು ಎರಡರಾಗ ಒಂದ ಕಡಿಂದ ಬಿಳುಪು ಬಂದ್ರ ಕೆಂಪು ಅದನ್ನ ಮುಚ್ಚತೈತಿ. ಎರಡೂ ಕಡಿಂದ ಬಂದ್ರನ ಬಿಳಿ ತೆನಿ. ಸಾಹೇಬರು ಸಾವಿರಗಟ್ಲೆ ಗಿಡ ಎಣಿಸಿ ತೋರಿಸ್ಯಾರ, ನಾಕರಾಗ ಮೂರು ಕೆಂಪು, ಒಂದು ಬಿಳಿ. ಈ ಕಣ್ಣಿಂದೂ ಹಂಗ. ಒಬ್ಬಾಂವ ಓವರಸಿಯರ ಸಾಲೂದಿಲ್ಲ, ನನ್ನ ಮಗಳ ಹೊಟ್ಯಾಗೂ ಅದು ಇರಬೇಕು."

ನನಗೆ ಅಷ್ಟೇ ಸಾಕಾಗಿತ್ತು. "ಹಂಗಾರ ನಿನ್ನ ಮನಿ ಬೀಜಾನ ಕೆಟ್ಟದ್ದು!"

"ನನ್ನ ಮನಿ ಅಂದ್ರ ಯಾವುದು? ನೀ ಹುಟ್ಟಿದ್ದ ಮನಿ ಯಾವುದು?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಸೋಲುವವಳೇ? "ನಮ್ಮ ಮನ್ಯಾಗ ಯಾರಿಗಿತ್ತು ಬೆಕ್ಕಿನ ಕಣ್ಣು? ಹೇಳು ನೋಡೂಣು!"

"ಅವ್ವಗ," ಎಂದ ಅಣ್ಣ.

ನಮ್ಮವ್ವ ಪ್ಲೇಗಿನಲ್ಲಿ ಹೋದಾಗ ನನಗೆ ಒಂದೂವರೆ ವರ್ಷ, ಅವನಿಗೆ ಒಂಬತ್ತು. ಅಪ್ಪ ಇನ್ನೊಂದು ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ಅವ್ವನ ಮುಖ ಹೇಗಿತ್ತೆಂದು ಕೇಳಲು ನನಗೆ ಧೈರ್ಯವಾಗಲೇ ಇಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಇದೊಂದಕ್ಕೆ ಹೆದರಿದ್ದೆ.

"ಕೂಸಿನ ಕಣ್ಣಿನ ಸುದ್ದಿ ಕಳಸಲಿಲ್ಲ ನಾ. ನಿನಗ ಕಣ್ಣಾರೆ ತೋರಸಬೇಕಂತ ತಂದೇನಿ," ಎಂದ ಅಣ್ಣ. "ನಮ್ಮಿಬ್ಬರ ಹೊಟ್ಯಾಗೂ ಅವ್ವ ಅಡಗಿ ಕುಂತಿದ್ಲು. ನಿನ್ನ ಮಗನ ಕಡಿಂದ ಅರ್ಧ, ನನ್ನ ಮಗಳ ಕಡಿಂದ ಅರ್ಧ ಬಂದು ಕೂಡ್ಯಾಳ."

ನಾನು ಕೈ ಚಾಚಿದೆ. ಗೌರವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಓಣಿ ಕೇಳೂಹಂಗ ಅಂದೀರಿ, ಅತ್ತಿ. ಓಣಿ ಕೇಳೂಹಂಗನ ಹೊಳ್ಳಿ ತಗೋರಿ."

ನನ್ನ ಅಣ್ಣನ ಮಗಳೇ ಸರಿ! ನಾನು ಯಾರ ಮುಂದೆಯೂ ತಪ್ಪೊಪ್ಪಿದವಳಲ್ಲ. ಅಂದು ಓಣಿಯ ನಡುವೆ ಹೋಗಿ ನಿಂತೆ.

"ನನ್ನ ಸೊಸಿ ಬಂಗಾರ. ನನ್ನ ನಾಲಿಗಿ ಹೊಲಸು. ಕೇಳಿಸ್ತೇನ್ರೆವ್ವಾ ಎಲ್ಲಾರಿಗೂ?"

ಕಿವಿ ಮಂದವಾದ ಕೆಂಚವ್ವ ಕೇಳಿಸಲಿಲ್ಲ ಎಂದಳು. ಅವಳ ಕಿವಿಯ ಬಳಿ ಬಾಗಿ ಇನ್ನೊಮ್ಮೆ ಕೂಗಿ ಹೇಳಿದೆ.

ಆಗ ಗೌರವ್ವ ಬಂದು ಕೂಸನ್ನು ನನ್ನ ಕೈಗೆ ಕೊಟ್ಟಳು. ಅದು ಅಳದೆ, ರೆಪ್ಪೆ ಬಡಿಯದೆ ನನ್ನನ್ನೇ ನೋಡಿತು. ಮೂವತ್ತೇಳು ವರ್ಷಗಳಾದ ಮೇಲೆ ನಾನು ನನ್ನ ಅವ್ವನ ಕಣ್ಣು ನೋಡಿದೆ.