ರಾಯ್ ಎಂಬ ಅಭಿಮಾನಿ

ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ಹಾಗಂತ ಬಾಯಿ ಮುಚ್ಚಿಕೊಂಡಿರುವ ಹಾಗೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದೇ ನಾನು ಮಾಡಿದ ಮೊದಲ ತಪ್ಪು.

2006ರಲ್ಲಿ ನಾನು ಮದ್ರಾಸಿನ ಅಡ್ಯಾರಿನಲ್ಲಿ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಮೆರಿಕದ ಸ್ಟಾಕ್ ಕಾರ್ ರೇಸಿನ ಅಭಿಮಾನಿಗಳಿಗೆಂದೇ ಒಂದು ವೆಬ್‌ಸೈಟ್ ಇತ್ತು. ಅವರು ಅಲ್ಲಿ ಬಂದು ಹರಟೆ, ಜಗಳ, ಶಾಪ ಎಲ್ಲವನ್ನೂ ಬರೆಯುತ್ತಿದ್ದರು. ಬೈಗುಳ ತೀರ ಹೊಲಸಾದರೆ ಅದನ್ನು ಅಳಿಸುವುದು ನಮ್ಮ ಕೆಲಸ. ಬೆಳಿಗ್ಗೆ ಆರಕ್ಕೆ ಕೂತರೆ ಎದ್ದೇಳುವುದು ಮಧ್ಯಾಹ್ನ ಎರಡಕ್ಕೆ. ನಾವು ಇಡ್ಲಿ ತಿನ್ನುವ ಹೊತ್ತಿಗೆ ಅವರು ಬಿಯರ್ ಹಿಡಿದು ಕೂತಿರುತ್ತಿದ್ದರು, ಹಾಗಾಗಿ ಅಳಿಸಲು ಬೇಕಾದಷ್ಟು ಇರುತ್ತಿತ್ತು.

ಈ ರೇಸಿನ ಕಾರುಗಳು ನೋಡಲು ಅಂಗಡಿಯಲ್ಲಿ ಮಾರುವ ಕಾರಿನ ಹಾಗೆಯೇ ಇರುತ್ತವೆ. ಮೊಟ್ಟೆಯಾಕಾರದ ದಾರಿಯಲ್ಲಿ ನಾನೂರು ಐನೂರು ಮೈಲಿ ಸುತ್ತುತ್ತವೆ, ಅದೂ ಹೆಚ್ಚುಕಡಿಮೆ ಯಾವಾಗಲೂ ಎಡಕ್ಕೇ ತಿರುಗಿಕೊಂಡು. ಮನೆಯಲ್ಲಿ ಇದನ್ನು ವಿವರಿಸಿದಾಗ ಅಮ್ಮ, ಅದು ಅಪ್ರದಕ್ಷಿಣೆ ಆಯಿತಲ್ಲ, ಅದಕ್ಕೇ ಅಷ್ಟು ಕಾರು ಗುದ್ದಿಕೊಳ್ಳುತ್ತವೆ ಎಂದು ತೀರ್ಪು ಕೊಟ್ಟಳು. ನಮ್ಮದು ಅಜ್ಜನ ಕಾಲದಲ್ಲೇ ಮದ್ರಾಸಿಗೆ ಬಂದು ಪೆರಂಬೂರಿನಲ್ಲಿ ನೆಲೆಸಿದ ಮಾಧ್ವರ ಮನೆ. ಅಮ್ಮ ರಮಾಬಾಯಿಯ ಲೆಕ್ಕದಲ್ಲಿ ಲೋಕದ ಅರ್ಧ ಅನರ್ಥ ತಪ್ಪಾಗಿ ಸುತ್ತುವುದರಿಂದಲೇ ಆಗುತ್ತದೆ.

ಆ ವರ್ಷದ ಜನವರಿಯಲ್ಲಿ ಜಪಾನಿನ ದೊಡ್ಡ ಕಾರು ಕಂಪನಿಯೊಂದು, ಬರುವ ವರ್ಷದಿಂದ ನಾವೂ ಮೇಲಿನ ದರ್ಜೆಯ ರೇಸಿಗೆ ಇಳಿಯುತ್ತೇವೆ ಎಂದು ಹೇಳಿತು. ಅವತ್ತು ನಮ್ಮ ಪರದೆಗಳಿಗೆ ಬೆಂಕಿ ಬಿದ್ದ ಹಾಗಾಯಿತು. ನನ್ನ ತಾತ ಅವರ ವಿರುದ್ಧ ಯುದ್ಧ ಮಾಡಿದವನು, ಈಗ ಅವರ ಕಾರಿಗೆ ಚಪ್ಪಾಳೆ ತಟ್ಟಲೋ ಎಂದು ಒಬ್ಬ ಬರೆದ. ಮೂವತ್ತು ವರ್ಷದಿಂದ ಕೂರುತ್ತಿದ್ದ ಸೀಟನ್ನು ಬಿಟ್ಟುಕೊಡುತ್ತೇನೆ ಎಂದು ಇನ್ನೊಬ್ಬ. ಕೆಂಟಕಿಯ ಹೆಂಗಸೊಬ್ಬಳು ಮಾತ್ರ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದಳು. ನೀವು ಬಯ್ಯುವ ಆ ಕಾರನ್ನು ಇಲ್ಲೇ ನಮ್ಮೂರಿನಲ್ಲಿ ನನ್ನ ಗಂಡ ಜೋಡಿಸುತ್ತಾನೆ, ನೀವು ಪೂಜೆ ಮಾಡುವ ಅಮೆರಿಕದ ಕಾರು ಕೆನಡಾದಿಂದ ಬರುತ್ತದೆ ಎನ್ನುತ್ತಿದ್ದಳು. ಅವಳಿಗೆ ಬೀಳುತ್ತಿದ್ದ ಬೈಗುಳವನ್ನು ಅಳಿಸಿ ಅಳಿಸಿ ನನ್ನ ಬೆರಳು ಸವೆಯಿತು. ಅವಳು ಹೇಳುವುದೇ ನ್ಯಾಯ ಅಂತ ನನಗೆ ಅನಿಸುತ್ತಿತ್ತು. ಅದನ್ನು ನೆನಪಿಟ್ಟುಕೊಳ್ಳಿ, ನಾನು ತಿಳಿಯದೆ ಮಾಡಿದವನಲ್ಲ.

ಜುಲೈ ಹೊತ್ತಿಗೆ ಜನರಿಗೆ ಜಗಳ ಬೇಸರ ಬಂತು. ಜಗಳ ಕಡಿಮೆಯಾದರೆ ಬರುವವರೂ ಕಡಿಮೆ. ನಮ್ಮ ಟೀಮ್ ಲೀಡರ್ ತಿರುಮಲ ನಮ್ಮನ್ನೆಲ್ಲ ಕೂರಿಸಿಕೊಂಡು, ಇನ್ನು ಮೇಲೆ ನೀವೂ ಅಭಿಮಾನಿಗಳು ಎಂದ. ಒಬ್ಬೊಬ್ಬರಿಗೂ ಒಂದು ಅಮೆರಿಕನ್ ಹೆಸರು, ಊರು, ಕಸುಬು. ಒಲೆ ಆರಬಾರದು, ಮನೆ ಸುಡಬಾರದು, ಅಷ್ಟು ನೋಡಿಕೊಳ್ಳಿ ಎನ್ನುವುದು ಅವನ ಉಪದೇಶ. ನನಗೆ ಸಿಕ್ಕಿದ್ದು ರಾಯ್. ಟೆನ್ನೆಸ್ಸಿಯವನು, ನಲವತ್ತೈದು ವರ್ಷ, ವೆಲ್ಡಿಂಗ್ ಕೆಲಸ, ಎರಡು ನಾಯಿ. ಪ್ರತಿ ಗುರುವಾರ ರಾಯರ ಮಠಕ್ಕೆ ಹೋಗುವ ಮನೆಯ ಗುರುಚರಣ, ಅಂದರೆ ನಾನು, ಹೀಗೆ ವಿದೇಶಿ ಕಾರು ಕಂಡರೆ ಉರಿದುಬೀಳುವ ರಾಯ್ ಆದ.

ಮೊದಮೊದಲು ರಾಯ್‌ನನ್ನು ಯಾರೂ ಮೂಸಲಿಲ್ಲ. ನಿನ್ನ ಬರವಣಿಗೆ ಸ್ಕೂಲ್ ಮೇಷ್ಟರ ಥರ ಇದೆಯಲ್ಲ ಎಂದು ಒಬ್ಬ ಕಿಚಾಯಿಸಿದ. ತಿರುಮಲನೂ ರೇಗಿದ. ಹೊಟ್ಟೆಯಿಂದ ಬಂದ ಹಾಗೆ ಏನಾದರೂ ಬರೆ, ನಿನಗೆ ಯಾವತ್ತೂ ಏನೂ ಆಗಿಯೇ ಇಲ್ಲವೇ ಎಂದು ಕೇಳಿದ. ಆಗಿತ್ತು. ಆದದ್ದು ನನಗಲ್ಲ, ನನ್ನ ಅಪ್ಪನಿಗೆ.

ಅಪ್ಪ ಬದರಿನಾಥ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಹಳೇ ಮಾದರಿಯ ಕಾರುಗಳಿಗೆ ಕಾರ್ಬುರೇಟರ್ ಮಾಡುವ ಕಾರ್ಖಾನೆ. 1998ರಲ್ಲಿ ಅದು ಬಾಗಿಲು ಹಾಕಿತು. ಅಪ್ಪ ಅದನ್ನು ಮನೆಯಲ್ಲಿ ಹೇಳಲಿಲ್ಲ. ನಾಲ್ಕು ತಿಂಗಳು ಎಂದಿನಂತೆ ಕಂದು ಯೂನಿಫಾರ್ಮ್ ಹಾಕಿಕೊಂಡು, ಅಮ್ಮ ಕಟ್ಟಿಕೊಟ್ಟ ಟಿಫಿನ್ ಡಬ್ಬಿ ಹಿಡಿದು ಏಳು ಗಂಟೆಗೆ ಹೊರಡುತ್ತಿದ್ದರು, ಸಂಜೆ ಆರಕ್ಕೆ ಬರುತ್ತಿದ್ದರು. ಆಮೇಲೊಂದು ದಿನ, ಬೇರೆ ಕಂಪನಿಗೆ ಸೇರಿದೆ, ಇದು ವಾಸಿ ಎಂದರು. ನಾವು ಸಿಹಿ ತಿಂದೆವು. ಇವತ್ತಿಗೂ ಅಮ್ಮನಿಗೆ ಆ ನಾಲ್ಕು ತಿಂಗಳ ವಿಷಯ ಗೊತ್ತಿಲ್ಲ.

ನನಗೆ ಗೊತ್ತಿತ್ತು. ಆಗ ನನಗೆ ಹದಿನಾರು. ಕ್ರಿಕೆಟ್ ಮ್ಯಾಚಿಗೆಂದು ಸ್ಕೂಲಿನ ಗೆಳೆಯರ ಜೊತೆ ತಾಂಬರಂಗೆ ಹೋಗಿದ್ದೆ. ರೈಲಿಳಿದರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ. ಪೆರಂಬೂರಿನವರು ಯಾರೂ ಕಣ್ಣಿಗೆ ಬೀಳದಿರಲಿ ಎಂದು ಊರಿನ ಇನ್ನೊಂದು ತುದಿಗೆ ಬಂದು ಕೂತಿದ್ದರು. ಗಂಟೆ ಹನ್ನೊಂದು ಕೂಡ ಆಗಿರಲಿಲ್ಲ, ಆಗಲೇ ಡಬ್ಬಿ ಬಿಚ್ಚಿ ಮೊಸರನ್ನ ತಿಂದು ಮುಗಿಸಿದ್ದರು. ಎದ್ದು ನಿಂತು, ಓದಿದ ಪೇಪರನ್ನು ನಾಲ್ಕಾಗಿ ಮಡಿಸಿ, ಮುಂದೆ ಕೂರುವವರಿಗಾಗಿ ತಾವು ಕೂತ ಜಾಗವನ್ನು ಒರೆಸಿದರು. ಒರೆಸಿ ಮತ್ತೆ ಅಲ್ಲೇ ಕೂತರು. ಜೊತೆಗಿದ್ದ ಹುಡುಗ ನನ್ನ ಭುಜ ಹಿಡಿದು, ಡೇಯ್, ಅದು ಉಂಗ ಅಪ್ಪಾ ದಾನೇ, ನಿಮ್ಮಪ್ಪ ಅಲ್ಲವಾ ಎಂದು ತಮಿಳಿನಲ್ಲಿ ಕೇಳಿದ. ಅಲ್ಲ ಎಂದೆ. ಅಲ್ಲ ಅಂದು ಅವನನ್ನು ಇನ್ನೊಂದು ಮೆಟ್ಟಿಲ ಕಡೆಗೆ ಎಳೆದುಕೊಂಡು ಹೋದೆ. ಅವತ್ತು ಮ್ಯಾಚಿನಲ್ಲಿ ಮೂವತ್ತೆರಡು ರನ್ ಹೊಡೆದೆ, ಅದು ಬೇರೆ.

ಎಂಟು ವರ್ಷ ಯಾರಿಗೂ ಹೇಳದ ಈ ಸಂಗತಿಯನ್ನು ರಾಯ್ ಒಂದು ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ಬರೆದುಹಾಕಿದ. ತಾಂಬರಂ ಯಾವುದೋ ಬಸ್ ನಿಲ್ದಾಣವಾಯಿತು, ಮೊಸರನ್ನ ಸ್ಯಾಂಡ್‌ವಿಚ್ ಆಯಿತು. ಕಂದು ಯೂನಿಫಾರ್ಮ್, ಮಡಿಸಿದ ಪೇಪರು, ಬೆಂಚು ಒರೆಸಿದ್ದು, ಗೆಳೆಯ ಕೇಳಿದ್ದು, ನಾನು ಅಲ್ಲ ಅಂದದ್ದು ಇವೆಲ್ಲ ಇದ್ದ ಹಾಗೇ ಹೋದವು. ಕೊನೆಯಲ್ಲಿ ರಾಯ್‌ನ ಅಪ್ಪ ಜಪಾನಿನವರನ್ನು ಶಪಿಸಿದ. ಅವರ ಕಾರು ನನ್ನ ತಟ್ಟೆಯ ಅನ್ನ ಕಸಿಯಿತು, ನನ್ನ ಮಗ ಆ ಕಾರಿನ ಓಟಕ್ಕೆ ಚಪ್ಪಾಳೆ ತಟ್ಟಿದರೆ ಅವನು ನನ್ನ ಮಗನೇ ಅಲ್ಲ ಎಂದ. ಈ ಕಡೆಯ ಮಾತು ಬರೆದಾಗ ನನಗೆ ನನ್ನ ಬಗ್ಗೆಯೇ ಮೆಚ್ಚುಗೆಯಾಯಿತು.

ಎರಡು ದಿನದಲ್ಲಿ ಹನ್ನೊಂದು ಸಾವಿರ ಜನ ಓದಿದರು. ಗಂಡಸರು ಅತ್ತೆವು ಎಂದು ಬರೆದರು. ನಿಮ್ಮ ಅಪ್ಪನಿಗಾಗಿ ಆ ರೇಸಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದರು. ಮಾಡಿ, ಎಲ್ಲರೂ ಸೇರಿ ಕೆಂಟಕಿಯ ಆ ಹೆಂಗಸಿನ ಮೇಲೆ ಬಿದ್ದರು. ಅಂದು ಅವಳ ಮೇಲಿನ ಬೈಗುಳ ಅಳಿಸಬೇಡಿ ಎಂದು ತಿರುಮಲನ ಅಪ್ಪಣೆಯಾಗಿತ್ತು. ರಾಯ್, ನಿಮ್ಮ ತಂದೆಯ ವಿಷಯ ಓದಿ ಸಂಕಟವಾಯಿತು, ಆದರೆ ನನ್ನ ಗಂಡ ಅವರಿಗೆ ಏನೂ ಮಾಡಿಲ್ಲ ಎಂದು ಎರಡು ಸಾಲು ಬರೆದು ಅವಳು ಹೊರಟುಹೋದಳು. ಮತ್ತೆ ಆ ಸೈಟಿಗೆ ಬರಲೇ ಇಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಆಫೀಸಿನಲ್ಲಿ ಫ್ಯಾಮಿಲಿ ಡೇ. ಆಗ ಇಂಥ ಆಫೀಸುಗಳಲ್ಲೆಲ್ಲ ಅದೊಂದು ಹಬ್ಬ. ಹುಡುಗರು ಹುಡುಗಿಯರು ಕಂಪ್ಯೂಟರ್ ಮುಂದೆ ಏನು ಮಾಡುತ್ತಾರೋ ಎಂದು ಹೆತ್ತವರಿಗೆ ಅನುಮಾನ, ಅದಕ್ಕೇ ಅವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ, ಜ್ಯೂಸ್ ಕೊಟ್ಟು, ಮಕ್ಕಳಿಗೆ ಬಹುಮಾನ ಹಂಚುವುದು. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಇಂಗ್ಲಿಷ್ ಪೇಪರನ್ನು ಮೊದಲಕ್ಷರದಿಂದ ಕೊನೆಯವರೆಗೆ ಓದುವ ಮನುಷ್ಯ.

ನನಗೊಂದು ಗೋಡೆ ಗಡಿಯಾರ ಬಹುಮಾನ ಬಂದಿದೆ ಎಂದಷ್ಟೇ ಗೊತ್ತಿತ್ತು. ವೇದಿಕೆ ಹತ್ತಿದ ಮೇಲೆ ತಿರುಮಲ ಜೇಬಿನಿಂದ ಕಾಗದ ತೆಗೆದ. ನಿಮ್ಮ ಮಗ ಅಮೆರಿಕದವರೇ ಅಳುವ ಹಾಗೆ ಮಾಡಿದ್ದಾನೆ, ಕೇಳಿ ಸರ್ ಎಂದು ಅಪ್ಪನ ಕಡೆ ಕೈ ತೋರಿಸಿ ಓದಲು ಶುರುಮಾಡಿದ. ತಡೆಯಬಹುದಿತ್ತು. ಮೈಕು ನನ್ನಿಂದ ಒಂದು ಮಾರು ದೂರದಲ್ಲಿತ್ತು. ಗಡಿಯಾರ ಎದೆಗೆ ಅವಚಿಕೊಂಡು ನಿಂತೇ ಇದ್ದೆ.

ಯೂನಿಫಾರ್ಮಿನ ಮಾತು ಬಂದಾಗ ಅಪ್ಪ ಇನ್ನೂ ನಗುಮುಖದಲ್ಲೇ ಇದ್ದರು. ಬೆಂಚು ಒರೆಸುವ ಸಾಲಿಗೆ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಅಲ್ಲ ಎಂದೆ ಅನ್ನುವ ಸಾಲಿಗೆ ಅವರು ತಲೆ ತಗ್ಗಿಸಿ ಜ್ಯೂಸಿನ ಲೋಟವನ್ನು ಕುರ್ಚಿಯ ಕೆಳಗೆ ಇಟ್ಟರು. ಓದಿ ಮುಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಪ್ಪನೂ ತಟ್ಟಿದರು. ಇಂಗ್ಲಿಷ್ ಬಾರದ ಅಮ್ಮ ಏನಂತೆ ಎಂದು ಕೇಳಿದ್ದಕ್ಕೆ, ಚೆನ್ನಾಗಿ ಬರೆದಿದಾನೆ ಎಂದರು.

ಪೆರಂಬೂರಿಗೆ 29ಸಿ ಬಸ್ಸು ಹತ್ತಿದೆವು. ಅಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಪಕ್ಕದವಳಿಗೆ ಗಡಿಯಾರ ತೋರಿಸುತ್ತ ಕೂತಳು. ನಾವಿಬ್ಬರು ಹಿಂದೆ. ಭೂಮಿ ಬಾಯಿ ಬಿಡಲಿ ಎನ್ನುತ್ತಾರಲ್ಲ, ಅದು ಸುಮ್ಮನೆ ಗಾದೆಗಾಗಿ ಹೇಳಿದ ಮಾತಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಬಸ್ಸು ಮೈಲಾಪುರ ದಾಟುವವರೆಗೆ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದರು.

"ಅವತ್ತು ಎಷ್ಟು ದೂರದಲ್ಲಿ ಇದ್ದೆ?" ಎಂದು ಕೇಳಿದರು.

"ಅಲ್ಲೇ ಅಪ್ಪಾ. ಪ್ಲಾಟ್‌ಫಾರ್ಮಿನ ತೂಕದ ಮಿಷನ್ ಹತ್ರ."

ಅಪ್ಪ ದೂರ ಅಳೆಯುವವರ ಹಾಗೆ ತಲೆಯಾಡಿಸಿದರು. ಆಮೇಲೆ ಎಷ್ಟು ಜನ ಓದಿದರು ಎಂದು ಕೇಳಿದರು. ಹೇಳಿದೆ. ಹನ್ನೊಂದು ಸಾವಿರ ಎಂದು ತಾವೂ ಒಂದು ಸಲ ಹೇಳಿಕೊಂಡರು.

"ಶರಿ, ಬರೆದದ್ದು ಬರೆದೆ. ನಾನು ಯಾರನ್ನ ಬೈದೆ, ಹೇಳು? ಕಾರ್ಬುರೇಟರ್ ಕಾಲ ಮುಗೀತು, ಕಂಪನಿ ಮುಚ್ಚಿದ್ರು. ಆಮೇಲೆ ನಂಗೆ ಕೆಲಸ ಕೊಟ್ಟಿದ್ದೇ ಆ ಕೊರಿಯಾ ಕಾರಿಗೆ ಸಾಮಾನು ಮಾಡೋರು. ಅದೇ ಅನ್ನ ತಾನೇ ನೀನು ತಿಂದು ಓದಿದ್ದು. ನನ್ನ ಬಾಯಲ್ಲಿ ಆ ಮಾತು ಯಾಕೋ ಇಟ್ಟೆ?"

ಜನ ಓದಬೇಕು ಅಂತ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಪ್ಪ ಬೈದಿದ್ದರೆ, ಒಂದೇಟು ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮಾತ್ರ ಆಫೀಸಿನ ವಿಷಯ ವಿಚಾರಿಸುವವರ ಹಾಗೆ, ಓದಿದವರಲ್ಲಿ ತಮ್ಮ ಹಾಗೆ ಕೂತವರು ಯಾರಾದರೂ ಇದ್ದರೋ ಎಂದು ಕೇಳಿದರು.

ಒಬ್ಬ ಇದ್ದ. ಒಹಾಯೊದವನು. ಅವನು ರಾಯ್‌ಗೆ ಖಾಸಗಿಯಾಗಿ ಬರೆದಿದ್ದ. ಕಾರ್ಖಾನೆ ಮುಚ್ಚಿ ಆರು ವಾರವಾಗಿದೆ, ದಿನಾ ಬೆಳಿಗ್ಗೆ ಹೊರಟು ಲೈಬ್ರರಿಯ ಹಿಂದೆ ಗಾಡಿ ನಿಲ್ಲಿಸಿ ಅದರಲ್ಲೇ ಕೂತಿರುತ್ತೇನೆ, ಹೆಂಡತಿಗೆ ಹೇಳಿಲ್ಲ, ಹದಿನಾಲ್ಕು ವರ್ಷದ ಮಗಳಿದ್ದಾಳೆ, ನಿಮ್ಮ ತಂದೆ ಕೊನೆಗೆ ಏನು ಮಾಡಿದರು ತಿಳಿಸುವಿರಾ ಎಂದು ಕೇಳಿದ್ದ. ಖಾಸಗಿಯಾಗಿ ಉತ್ತರ ಬರೆಯುವುದು ನಮ್ಮಲ್ಲಿ ನಿಷೇಧ ಎಂದು ನಾನು ಸುಮ್ಮನಾಗಿದ್ದೆ. ನಿಷೇಧ ಒಂದು ನೆಪ. ಹೊಸ ಕೆಲಸ ಸಿಕ್ಕಿತು ಎಂಬುದು ಬಿಟ್ಟರೆ ಕೊನೆಗೆ ಅಪ್ಪ ಏನು ಮಾಡಿದರು ಎಂಬುದು ನನಗೇ ಗೊತ್ತಿರಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಹೇಳಿದೆ.

ಬಸ್ಸು ಪುರಸವಾಕ್ಕಂ ದಾಟಿತು. ನಮ್ಮ ಸ್ಟಾಪು ಹತ್ತಿರವಾಗುತ್ತಿದ್ದಂತೆ ಅಮ್ಮ ಮುಂದಿನಿಂದ ತಿರುಗಿ, ಇಳಿಯಬೇಕು ಎಂದು ಸನ್ನೆ ಮಾಡಿದಳು. ಅಪ್ಪ ಅವಳಿಗೆ ಕೈ ಎತ್ತಿ ತೋರಿಸಿ, ಮೇಲಿನ ಸರಳು ಹಿಡಿದು ಎದ್ದರು. ನನ್ನ ಮುಖ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದರು.

"ಸೋಮವಾರ ಹೋದ ತಕ್ಷಣ ಅವನಿಗೆ ಬರಿ. ಇವತ್ತೇ ಮನೇಲಿ ಹೇಳ್ಬಿಡು ಅನ್ನು. ಆ ಹುಡುಗಿ ನೋಡೋಕ್ ಮುಂಚೆ."